ಮಾಲ್ಪಾಸೆ: ಬಂಡೆ ಗಟ್ಟಿಯಿದ್ದರೂ ಅಣೆಕಟ್ಟಿನ ತಳಪಾಯ ಜಾರಿದ್ದೇಕೆ?

ಪ್ರಶ್ನೆ:
ಫ್ರಾನ್ಸಿನ ಮಾಲ್ಪಾಸೆ ಕಮಾನು ಅಣೆಕಟ್ಟು 1959ರ ಡಿಸೆಂಬರ್ 2ರ ರಾತ್ರಿ ಒಡೆದು, ಫ್ರೆಝ್ಯೂಸ್ ಪಟ್ಟಣದತ್ತ ನುಗ್ಗಿದ ನೀರಿಗೆ 400ಕ್ಕೂ ಹೆಚ್ಚು ಜನ ಬಲಿಯಾದರು. ಕಾಂಕ್ರೀಟಿನಲ್ಲಿ ದೋಷವಿರಲಿಲ್ಲ, ಎಡದಂಡೆಯ ನೈಸ್ (gneiss, ಪದರುಪದರಾದ ಗಟ್ಟಿ ಶಿಲೆ) ಬಂಡೆಯೇ ಸರಿಯಿತು ಎಂದು ಓದಿದ್ದೇನೆ. ಕೊರೆದು ತೆಗೆದ ಮಾದರಿಯನ್ನು ಪ್ರಯೋಗಾಲಯದಲ್ಲಿ ಅದುಮಿ ನೋಡಿದರೆ ಸಾಲದು ಎಂದಾದರೆ, ಸೀಳುಗಳಿರುವ ತಳಪಾಯದ ಭದ್ರತೆಯನ್ನು ಹೇಗೆ ನಿರ್ಧರಿಸಬೇಕು?

ಉತ್ತರ 1:
ಮಾದರಿಯಿಂದ ತಿಳಿಯುವುದು ಎರಡು ಸೀಳುಗಳ ನಡುವಿನ ಕಲ್ಲಿನ ಗುಣ ಮಾತ್ರ. ಅಣೆಕಟ್ಟನ್ನು ಹೊರುವುದು ಸೀಳುಗಳಿಂದ ತುಂಡುತುಂಡಾದ ಇಡೀ ಬಂಡೆ. ಆದ್ದರಿಂದ ಸೀಳುಗಳ ದಿಕ್ಕು, ಇಳಿಜಾರು, ಅಂತರ, ಮೈಯ ಒರಟುತನ ಮತ್ತು ಒಳಗೆ ತುಂಬಿಕೊಂಡ ಜೇಡಿಯನ್ನು ಸ್ಥಳದಲ್ಲೇ ದಾಖಲಿಸಿ, ಯಾವ ಸೀಳುಗಳು ಒಂದನ್ನೊಂದು ಕತ್ತರಿಸಿ ಹೊರಜಾರಬಲ್ಲ ಬೆಣೆಯನ್ನು ಬಿಡಿಸುತ್ತವೆ ಎಂಬುದನ್ನು ಸ್ಟೀರಿಯೊನೆಟ್ (ಸೀಳುಗಳ ದಿಕ್ಕು-ಇಳಿಜಾರನ್ನು ಗುರುತಿಸುವ ವೃತ್ತಾಕಾರದ ನಕ್ಷೆ) ಮೇಲೆ ಪರಿಶೀಲಿಸಬೇಕು. ಮಾಲ್ಪಾಸೆಯ ಎಡದಂಡೆಯಲ್ಲಿ ಶಿಲೆಯ ಪದರುಗಳು ಹೆಚ್ಚುಕಡಿಮೆ ಕಮಾನಿನ ಒತ್ತುಬಲದ ದಿಕ್ಕಿನಲ್ಲೇ ಸಾಗಿದ್ದವು, ಕೆಳಪಾತ್ರದ ಕಡೆ ಒಂದು ಸ್ತರಭಂಗ (ಬಂಡೆ ಒಡೆದು ಸರಿದ ದೊಡ್ಡ ಸೀಳು) ಅಡ್ಡ ಹಾಯ್ದಿತ್ತು. ಬೆಣೆ ಸಿದ್ಧವಾಗಿಯೇ ಇತ್ತು.

ಉತ್ತರ 2:
ಮೇಲಿನ ಮಾತಿಗೆ ನೀರನ್ನು ಸೇರಿಸದಿದ್ದರೆ ಲೆಕ್ಕ ಅರ್ಧವೇ ಉಳಿಯುತ್ತದೆ. ಸೀಳಿನ ಮೇಲೆ 100 ಟನ್ ಲಂಬಬಲವಿದೆ, ಘರ್ಷಣಾಂಕ 0.7 ಇದೆ ಎಂದುಕೊಳ್ಳಿ: ಜಾರಿಕೆಗೆ ಸಿಗುವ ತಡೆ 70 ಟನ್. ಸೀಳಿನೊಳಗಿನ ನೀರು ಆ ಲಂಬಬಲದಲ್ಲಿ 40 ಟನ್ನನ್ನು ಎತ್ತಿಹಿಡಿದರೆ ತಡೆ 42ಕ್ಕೆ ಇಳಿಯುತ್ತದೆ, ಬಂಡೆಯ ಗಡಸುತನ ಮಾತ್ರ ಎಳ್ಳಷ್ಟೂ ಬದಲಾಗಿರುವುದಿಲ್ಲ. ಕಮಾನಿನ ಒತ್ತಡಕ್ಕೆ ಪದರುಗಳ ಸಂದು ಬಿಗಿದು, ಬಂಡೆಯೇ ನೆಲದೊಳಗಿನ ತಡೆಗೋಡೆಯಾಗಿ, ಅದರ ಹಿಂದೆ ಜಲಾಶಯದ ಪೂರ್ಣ ಒತ್ತಡ ನಿಂತಿತು ಎಂಬುದು ಅನೇಕ ತಜ್ಞರು ಒಪ್ಪುವ ವಿವರಣೆ. ಇಂಥ ಬೆಣೆಯ ಪ್ರತಿ ಮುಖದ ಮೇಲೂ ನೀರಿನ ಒತ್ತಡವನ್ನು ಹೆಚ್ಚುಕಡಿಮೆ ಮಾಡಿ ನೋಡುವ ಮೂರು ಆಯಾಮದ ವಿಶ್ಲೇಷಣೆಯನ್ನು ಫ್ರೆಂಚ್ ಎಂಜಿನಿಯರ್ ಪಿಯೆರ್ ಲೋಂದ್ ಬೆಳೆಸಿದ್ದು ಈ ದುರಂತದ ನಂತರವೇ.

ಪ್ರಶ್ನೆ ಕೇಳಿದವರು:
ಹಾಗಾದರೆ ಸಿಮೆಂಟ್ ಗ್ರೌಟಿಂಗ್ ಮಾಡಿ ಸಂದುಗಳನ್ನು ಮುಚ್ಚಿದರೆ ಸಾಕಲ್ಲವೇ?

ಉತ್ತರ 2:
ಸಾಲದು. ಗ್ರೌಟ್ ಸೋರಿಕೆಯನ್ನು ತಗ್ಗಿಸುತ್ತದೆ, ಆದರೆ ಒತ್ತಡವನ್ನು ಇಳಿಸುವ ಕೆಲಸ ಗ್ರೌಟ್ ಪರದೆಯ (ಸಿಮೆಂಟ್ ತುಂಬಿದ ರಂಧ್ರಗಳ ಸಾಲಿನ) ಕೆಳಪಾತ್ರದ ಬದಿಗೆ ಕೊರೆದ, ನೀರನ್ನು ಹೊರಬಿಡುವ ಬಸಿರಂಧ್ರಗಳದು. ಮಾಲ್ಪಾಸೆಯಲ್ಲಿ ಅಂಥ ವ್ಯವಸ್ಥೆ ಇರಲಿಲ್ಲ. ಲೂಜಾನ್ ಪರೀಕ್ಷೆಯ (ಕೊರೆದ ರಂಧ್ರಕ್ಕೆ ಒತ್ತಡದಿಂದ ನೀರು ತುಂಬಿ ಬಂಡೆ ಎಷ್ಟು ನೀರು ಬಿಡುತ್ತದೆ ಎಂದು ಅಳೆಯುವುದು) ಅಂಕಿಯನ್ನೂ ಕಣ್ಣುಮುಚ್ಚಿ ನಂಬಬೇಡಿ, ಏಕೆಂದರೆ ಅದು ಭಾರ ಬೀಳುವ ಮುಂಚಿನ ಬಂಡೆಯ ಅಂಕಿ. ಬಂಡೆಯೊಳಗಿನ ನೀರಿನ ಒತ್ತಡ ಅಳೆಯುವ ಪೀಜೋಮೀಟರ್ ಅಳವಡಿಸಿ, ಬಸಿರಂಧ್ರಗಳು ಕಟ್ಟಿಕೊಂಡ ಸ್ಥಿತಿಯನ್ನೂ ಲೆಕ್ಕದಲ್ಲಿ ಪ್ರತ್ಯೇಕವಾಗಿ ಪರಿಶೀಲಿಸಿ.