ಡಿಇಐಸಿಯಲ್ಲಿ (ಮಕ್ಕಳ ತೊಂದರೆಗಳನ್ನು ಬೇಗ ಗುರುತಿಸಿ ಚಿಕಿತ್ಸೆ ಕೊಡುವ ಜಿಲ್ಲಾ ಕೇಂದ್ರ) ಮಕ್ಕಳ ಆಡಿಯಾಲಜಿಸ್ಟ್ (ಶ್ರವಣ ತಜ್ಞೆ) ಕೆಲಸಕ್ಕೆ ಹೋಗಬಹುದಾ? ಮಾಡಿದವರು ಹೇಳಿ

ಪ್ರಶ್ನೆ: ಬಿಎಎಸ್‌ಎಲ್‌ಪಿ (ಶ್ರವಣ ಮತ್ತು ವಾಕ್ ಚಿಕಿತ್ಸೆಯ ಪದವಿ), ಇಂಟರ್ನ್‌ಶಿಪ್ ಮುಗಿದಿದೆ. ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿಯೂ ಆಗಿದೆ. ಬೆಂಗಳೂರಿನ ಶ್ರವಣ ಸಾಧನದ ಕ್ಲಿನಿಕ್ ಒಂದು ಕರೆದಿದೆ. ನಮ್ಮ ಜಿಲ್ಲಾ ಆಸ್ಪತ್ರೆಯ ಡಿಇಐಸಿಯಲ್ಲಿ ಗುತ್ತಿಗೆ ಕೆಲಸವೂ ಸಿಗುವ ಹಾಗಿದೆ. ಮಕ್ಕಳ ಜೊತೆ ಕೆಲಸ ಮಾಡಲು ನನಗಿಷ್ಟ. ಅಲ್ಲಿಗೆ ಏನು ಕಲಿತು ಹೋಗಬೇಕು?

ಉತ್ತರ 1

ತಂಗಿ, ಮಕ್ಕಳೇ ಬೇಕು ಅಂದರೆ ಡಿಇಐಸಿಗೆ ಹೋಗಿ. 2013ರಲ್ಲಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಶುರುವಾಯಿತಲ್ಲ, ಅದರಡಿ ಅಂಗನವಾಡಿ, ಸರ್ಕಾರಿ ಶಾಲೆಗಳಲ್ಲಿ ತೊಂದರೆ ಕಂಡ ಮಕ್ಕಳು ಬರುವುದು ಅಲ್ಲಿಗೇ.

ಪರೀಕ್ಷೆ ಮಾಡುವುದನ್ನು ಕಾಲೇಜಲ್ಲೇ ಕಲಿತಿರುತ್ತೀರಿ. ಕಷ್ಟ ಇರುವುದು ಮಗುವನ್ನು ಎರಡನೇ ಸಲ ಕರೆಸುವುದರಲ್ಲಿ. ಹುಟ್ಟಿದ ಮೊದಲ ದಿನ ಕಿವಿಯೊಳಗೆ ಬಿಳಿ ಲೋಳೆ ಇದ್ದರೂ ಓಎಇಯಲ್ಲಿ (ಒಳಗಿವಿ ಸದ್ದಿಗೆ ಪ್ರತಿಕ್ರಿಯಿಸುತ್ತದಾ ಅಂತ ನೋಡುವ ಪರೀಕ್ಷೆ) ‘ರೆಫರ್’, ಅಂದರೆ ಪಾಸ್ ಆಗಿಲ್ಲ, ಮತ್ತೆ ನೋಡಿ ಅಂತ ಬರುತ್ತದೆ. ಒಂದು ದಿನ ಕಳೆಯಲಿ, ಕೂಸು ಹಾಲು ಕುಡಿದು ಮಲಗಿದಾಗ ಮಾಡಿ. ಆಮೇಲೂ ರೆಫರ್ ಬಂದರೆ ‘ಕಿವಿ ಕೇಳಲ್ಲ’ ಅನ್ನಬೇಡಿ. ‘ಇನ್ನೊಂದು ಸಲ ನೋಡಲೇಬೇಕು’ ಅನ್ನಿ.

ಕೇಸ್ ಶೀಟಿನಲ್ಲಿ ಇರುವುದು ಗಂಡನ ಮನೆ ವಿಳಾಸ, ಗಂಡನ ನಂಬರ್. ಬಾಣಂತಿ ಇರುವುದು ತವರಲ್ಲಿ, ಎಷ್ಟೋ ಸಲ ಬೇರೆ ತಾಲ್ಲೂಕಿನಲ್ಲಿ. 1 ತಿಂಗಳೊಳಗೆ ಸ್ಕ್ರೀನಿಂಗ್, 3 ತಿಂಗಳೊಳಗೆ ಖಚಿತ ಪರೀಕ್ಷೆ, 6 ತಿಂಗಳೊಳಗೆ ಸಾಧನ ಮತ್ತು ಥೆರಪಿ ಆಗಬೇಕು. ಬಾಣಂತನ ಮುಗಿಸಿ ಬರಲಿ ಅಂತ ಕಾದರೆ ಇದು ಆಗುವ ಮಾತಲ್ಲ. ನಾನು ಅಜ್ಜಿಯ ನಂಬರ್, ತವರೂರಿನ ಆಶಾ ಕಾರ್ಯಕರ್ತೆಯ ನಂಬರ್ ಎರಡನ್ನೂ ಬರೆದುಕೊಳ್ಳುತ್ತೇನೆ. ಮರುಪರೀಕ್ಷೆಯ ದಿನವನ್ನು ತಾಯಿ ಕಾರ್ಡಿನ ಮೇಲೇ ಬರೆಯುತ್ತೇನೆ. ಒಂದೂವರೆ ತಿಂಗಳ ಲಸಿಕೆಗೆ ಆ ಕಾರ್ಡ್ ತೆಗೆಯಲೇಬೇಕಲ್ವಾ, ಆಗ ಆಶಾ ಕಣ್ಣಿಗೂ ಬೀಳುತ್ತದೆ.

ಎಸ್‌ಎನ್‌ಸಿಯುನಲ್ಲಿದ್ದ (ನವಜಾತ ಶಿಶುಗಳ ವಿಶೇಷ ಆರೈಕೆ ಘಟಕ), ಕಾಮಾಲೆ ಜಾಸ್ತಿಯಾಗಿದ್ದ ಮಕ್ಕಳನ್ನು ಓಎಇ ಪಾಸ್ ಆಯ್ತು ಅಂತ ಕಳಿಸಬೇಡಿ. ಒಳಗಿವಿ ಪ್ರತಿಕ್ರಿಯಿಸಿದರೂ ನರದಲ್ಲಿ ತೊಂದರೆ ಇರಬಹುದು. ಸದ್ದು ನರದ ಮೂಲಕ ಮಿದುಳಿಗೆ ತಲುಪುತ್ತದಾ ಅಂತ ನೋಡುವ ಬೆರಾ ಪರೀಕ್ಷೆ ಮಾಡಿಸಿ.

ಇನ್ನು ಮನೆಯವರು. ‘ತಟ್ಟೆ ಬಡಿದರೆ ತಿರುಗ್ತದಲ್ಲಮ್ಮ, ಇವರಪ್ಪನೂ ಮೂರು ವರ್ಷಕ್ಕೇ ಮಾತಾಡಿದ್ದು’ ಅನ್ನುತ್ತಾರೆ ಅಜ್ಜಿ. ಅವರು ಕಂಡದ್ದನ್ನೇ ಹೇಳುತ್ತಿದ್ದಾರೆ. ತಟ್ಟೆಯ ಸದ್ದು ಜೋರು, ಜೊತೆಗೆ ಬಡಿಯುವ ಕೈಯೂ ಮಗುವಿಗೆ ಕಾಣುತ್ತದೆ. ವಾದ ಮಾಡಬೇಡಿ. ಮಗುವನ್ನು ಅಮ್ಮನ ತೊಡೆ ಮೇಲೆ ಕೂರಿಸಿ, ಮುಂದೊಂದು ಆಟಿಕೆ ಇಡಿ. ಹಿಂದಿನಿಂದ ‘ಮ್’, ‘ಶ್’, ‘ಸ್’ ಅನ್ನಿ. ಆಮೇಲೆ ಅಜ್ಜಿಯನ್ನೇ ಹಿಂದೆ ನಿಲ್ಲಿಸಿ, ಮನೆಯಲ್ಲಿ ಕರೆಯುವ ದನಿಯಲ್ಲೇ ಮಗುವಿನ ಹೆಸರು ಕರೆಯಲು ಹೇಳಿ. ಮಗು ಆಟಿಕೆಯಿಂದ ಕಣ್ಣು ತೆಗೆಯದೇ ಇದ್ದಾಗ ಅವರ ಮುಖ ನೋಡಬೇಕು, ಕರುಳು ಹಿಂಡುತ್ತದೆ. ಆದರೆ ಹೀಗೆ ಕಣ್ಣಾರೆ ಕಂಡ ಅಜ್ಜಿಯರೇ ಮೊಮ್ಮಕ್ಕಳನ್ನು ಥೆರಪಿಗೆ ತಪ್ಪದೆ ಕರೆತರುವುದನ್ನು ನೋಡಿದ್ದೇನೆ.

ಸಂಬಂಧದಲ್ಲೇ ಮದುವೆಯಾ ಅಂತ ಕೇಳಲೇಬೇಕು. ಅತ್ತೆ ಎದುರಿಗೆ ಮಾತ್ರ ಕೇಳಬೇಡಿ. ದೂರೆಲ್ಲ ಸೊಸೆಯ ತಲೆಗೇ ಬರುತ್ತದೆ.

ಉತ್ತರ 2

ನಾನು ಆಡಿಯಾಲಜಿಸ್ಟ್ ಅಲ್ಲ, ತಾಯಿ. ಮಗಳ ಎರಡೂ ಕಿವಿಗೆ ಸಾಧನ ಇದೆ. ಊರು ಮಲೆನಾಡು. ಮಗು ಬೆಳೆದ ಹಾಗೆ ಇಯರ್ ಮೋಲ್ಡ್ (ಕಿವಿಯಲ್ಲಿ ಕೂರುವ ಅಚ್ಚು) ಸಡಿಲವಾಗಿ ಸಾಧನ ಕುಂಯ್ ಅನ್ನುತ್ತದೆ. ಕೆಟ್ಟೇ ಹೋಯ್ತು ಅಂತ ಪೆಟ್ಟಿಗೆಯಲ್ಲಿ ಎತ್ತಿಟ್ಟ ಮನೆಗಳು ನಮ್ಮ ಸುತ್ತಮುತ್ತ ಇವೆ. ಮೊದಲ ದಿನವೇ ಇದನ್ನು ಹೇಳಿ ಮೇಡಂ. ಮಳೆಗಾಲದಲ್ಲಿ ರಾತ್ರಿ ಸಾಧನವನ್ನು ತೇವ ಹೀರುವ ಸಿಲಿಕಾ ಜೆಲ್ ಡಬ್ಬಿಯಲ್ಲಿಡಲೂ ಹೇಳಿ. ಹಳ್ಳಿಯಲ್ಲಿ ಬ್ಯಾಟರಿ ಸಿಗಲ್ಲ, ಬಂದಾಗಲೇ ಜಾಸ್ತಿ ಕೊಟ್ಟು ಕಳಿಸಿ. ಮೋಲ್ಡ್‌ಗೆ ಅಳತೆ ತೆಗೆಯಲು ತಿಂಗಳಿಗೊಮ್ಮೆ ತಾಲ್ಲೂಕು ಆಸ್ಪತ್ರೆಗೆ ನೀವೇ ಬಂದರೆ ನಮಗೆ ಒಂದು ದಿನದ ಕೂಲಿ ಉಳಿಯುತ್ತದೆ.

ಉತ್ತರ 3

ಗುತ್ತಿಗೆ ಕೆಲಸ ಅಂದಿರಲ್ಲ, ನಾನೂ ಮಾಡಿದ್ದೇನೆ. ಸಂಬಳ ತಡವಾಗಿ ಬಂದ ತಿಂಗಳುಗಳಿದ್ದವು, ಕೈಯಲ್ಲಿ ಸ್ವಲ್ಪ ದುಡ್ಡಿಟ್ಟುಕೊಂಡು ಸೇರಿ. ಸೇರುವ ಮೊದಲು ಒಮ್ಮೆ ಹೋಗಿ ನೋಡಿ: ಸೌಂಡ್‌ಪ್ರೂಫ್ ಕೋಣೆ ಇದೆಯಾ, ಬೆರಾ ಯಂತ್ರ ಇದೆಯಾ, ಕ್ಯಾಲಿಬ್ರೇಶನ್ (ಯಂತ್ರ ಸರಿಯಾಗಿ ಅಳೆಯುತ್ತದಾ ಅನ್ನುವ ತಪಾಸಣೆ) ಕೊನೆಗೆ ಯಾವಾಗ ಆಗಿದೆ. ಬೆರಾ ಇಲ್ಲದಿದ್ದರೆ ಹತ್ತಿರ ಎಲ್ಲಿಗೆ ಕಳಿಸಬೇಕು ಅಂತ ಕೇಳಿಟ್ಟುಕೊಳ್ಳಿ. ಮೈಸೂರಿನ ವಾಕ್ ಶ್ರವಣ ಸಂಸ್ಥೆ 1965ರಿಂದ ಇದೆ, ಕಷ್ಟದ ಕೇಸ್‌ಗಳನ್ನು ಅಲ್ಲಿಗೆ ಕಳಿಸಬಹುದು. ಅಂಗವಿಕಲರಿಗೆ ಸಾಧನ ಕೊಡುವ ಕೇಂದ್ರದ ಎಡಿಐಪಿ ಯೋಜನೆಯಲ್ಲಿ ಬಡ ಮಕ್ಕಳಿಗೆ ಕಾಕ್ಲಿಯರ್ ಇಂಪ್ಲಾಂಟ್ (ಶಸ್ತ್ರಚಿಕಿತ್ಸೆ ಮಾಡಿ ಒಳಗಿವಿಗೆ ಕೂರಿಸುವ ಸಾಧನ) ಉಚಿತ. ಅದಕ್ಕೆ ವಯಸ್ಸಿನ ಮಿತಿ ಇದೆ. ಮಗುವಿನ ಆಧಾರ್, ಆದಾಯ ಪ್ರಮಾಣಪತ್ರ ಮಾಡಿಸಲು ಮೊದಲ ಭೇಟಿಯಲ್ಲೇ ಹೇಳಿಬಿಡಿ.