ಟಿಎ ಟ್ರೇನಿಂಗ್‌ಗೆ ಹೋದರೆ ಕೆಲಸ ಉಳಿಯುತ್ತಾ?

ಹುಬ್ಬಳ್ಳಿಯವ:
ಬೆಂಗಳೂರಲ್ಲಿ ಖಾಸಗಿ ಕಂಪನಿ ಕೆಲಸ. ಟೆರಿಟೋರಿಯಲ್ ಆರ್ಮಿ (ಟಿಎ), ಅಂದರೆ ಬೇರೆ ಕೆಲಸದಲ್ಲಿದ್ದುಕೊಂಡೇ ಸೇವೆ ಮಾಡುವ ಅರೆಕಾಲಿಕ ಸೇನೆ, ಅದರಲ್ಲಿ ಆಫೀಸರ್ ಆಗಲು ಅರ್ಜಿ ಹಾಕೋಣ ಅಂತಿದ್ದೇನೆ. ವರ್ಷಕ್ಕೆ ಎರಡು ತಿಂಗಳು ಕ್ಯಾಂಪ್ ಅಂದ ಕೂಡಲೇ ಎಚ್‌ಆರ್‌ನವರು "ಹಾಗಾದ್ರೆ ರಾಜೀನಾಮೆ ಕೊಟ್ಟು ಹೋಗಿ" ಅಂದುಬಿಟ್ಟರು. ಡಿಗ್ರಿ ಕಾಲೇಜಲ್ಲಿ ಎನ್‌ಸಿಸಿ ನೋಡಿಕೊಳ್ಳುವ ನಮ್ಮ ಭಾವ ಮಾತ್ರ "ನಾನು ಪ್ರತಿ ವರ್ಷ ಹೋಗ್ತೀನಲ್ಲ, ಯಾರೂ ಏನೂ ಅನ್ನಲ್ಲ" ಅಂತಾರೆ. ಎರಡಕ್ಕೂ ಒಂದೇ ಕಾನೂನಾ?

ಹಸಿರು ಸಮವಸ್ತ್ರ:
ಸುಮ್ನೆ ಹೆದರಿ ಕೈಬಿಡಬೇಡಿ. 1948ರ ಟೆರಿಟೋರಿಯಲ್ ಆರ್ಮಿ ಕಾಯ್ದೆಯ 7ಎ ಕಲಂ ಓದಿ, ಪ್ರಿಂಟ್ ತೆಗೆದು ಎಚ್‌ಆರ್ ಟೇಬಲ್ ಮೇಲೆ ಇಡಿ. ಸೇನೆ ಸೇವೆಗೆ ಕರೆದಾಗ ಹೋದವರನ್ನು ಸೇವೆ ಮುಗಿದ ಮೇಲೆ ಮೊದಲಿಗಿಂತ ಕಡಿಮೆಯಲ್ಲದ ಷರತ್ತುಗಳ ಮೇಲೆ ಮತ್ತೆ ಕೆಲಸಕ್ಕೆ ತಗೊಳ್ಳೋದು ಮಾಲೀಕರ ಹೊಣೆ, ಅದರಲ್ಲಿ ಖಾಸಗಿಯವರೂ ಬರ್ತಾರೆ. ಆದರೆ ಒಂದು ಮಾತು. ಆ ಎರಡು ತಿಂಗಳ ಸಂಬಳವನ್ನೂ ಕಂಪನಿಯೇ ಕೊಡಲಿ ಅಂತ ಆ ಕಲಂ ಹೇಳಲ್ಲ. ಅದು ಸೇನೆಯಿಂದ ಬರುತ್ತೆ, ಖಾಯಂ ಅಧಿಕಾರಿಗಳಿಗೆ ಸಿಗುವಷ್ಟೇ.

ಕಾಲೇಜು ಮೇಷ್ಟ್ರು:
ನಿಮ್ಮ ಭಾವನ ಲೆಕ್ಕವೇ ಬೇರೆ ಸರ್. ನಾವು ಎನ್‌ಸಿಸಿ ಕಾಯ್ದೆಯವರು, ಅದೂ 1948ರದ್ದೇ, ಆದರೆ ಅದರಲ್ಲಿ ಯುದ್ಧ ಸೇವೆಯ ಹೊಣೆ ಇಲ್ಲ. ಭುಜದ ಮೇಲೆ ಲೆಫ್ಟಿನೆಂಟ್ ಸ್ಟಾರ್ ಇದ್ದರೂ ಹೊಟ್ಟೆಪಾಡು ಪಾಠ ಹೇಳೋದೇ. ಗಂಡಸರಿಗೆ ನಾಗಪುರದ ಹತ್ತಿರ ಕಾಂಪ್ಟಿಯಲ್ಲಿ, ಹೆಂಗಸರಿಗೆ ಗ್ವಾಲಿಯರ್‌ನಲ್ಲಿ ತರಬೇತಿ, ಆಮೇಲೆ ಆಗಾಗ ರಿಫ್ರೆಶರ್. ವರ್ಷದ ಕ್ಯಾಂಪ್ ಹತ್ತು ದಿನದ್ದು, ಅದೂ ಮಕ್ಕಳನ್ನು ಕರೆದುಕೊಂಡು. ಕಾಲೇಜೇ ಕಳಿಸುತ್ತೆ, ಯಾರು ಯಾಕೆ ಕೇಳ್ತಾರೆ?

ಬೆಳಗಾವಿ ಕಡೆಯವ:
ಎರಡು ತಿಂಗಳು ಅಂತ ಮಾತ್ರ ಲೆಕ್ಕ ಹಾಕಬೇಡಿ ಗುರು. 2025ರ ಮೇನಲ್ಲಿ ಕೇಂದ್ರ ಸರ್ಕಾರ ಟಿಎ ನಿಯಮ 33ರ ಕೆಳಗೆ ಯಾವ ಅಧಿಕಾರಿಯನ್ನಾದರೂ ಕರೆಸಿಕೊಳ್ಳುವ ಅಧಿಕಾರವನ್ನು ಸೇನಾ ಮುಖ್ಯಸ್ಥರಿಗೆ ಕೊಟ್ಟಿತು, 32 ಕಾಲಾಳು ಬಟಾಲಿಯನ್‌ಗಳಲ್ಲಿ 14ನ್ನು ಕರೆಸುವ ಮಾತಿತ್ತು. ಅಂಥ ಕರೆ ಬಂದರೆ ತಿಂಗಳುಗಟ್ಟಲೆ ಆಗಬಹುದು. ಬೆಂಗಳೂರಿನ 106 ಪ್ಯಾರಾ ಟಿಎ ಬಟಾಲಿಯನ್‌ಗೆ ಹೋದ ಧೋನಿಯನ್ನು ನೋಡಿ ಆಸೆ ಪಡಬೇಡಿ, ಅವರದು ಗೌರವ ಹುದ್ದೆ!

ಹುಬ್ಬಳ್ಳಿಯವ:
ಥ್ಯಾಂಕ್ಸ್. ಮೊದಲ ವರ್ಷಕ್ಕೆ ಒಟ್ಟು ಎಷ್ಟು ದಿನ ರಜೆ ಕೇಳಲಿ?

ಹಸಿರು ಸಮವಸ್ತ್ರ:
ಮೊದಲ ವರ್ಷ ಒಂದು ತಿಂಗಳು ಮೂಲ ತರಬೇತಿ, ಜೊತೆಗೆ ಎರಡು ತಿಂಗಳ ಕ್ಯಾಂಪ್. ಮೊದಲ ಎರಡು ವರ್ಷದೊಳಗೆ ಡೆಹ್ರಾಡೂನ್‌ನ ಐಎಂಎಯಲ್ಲಿ (ಇಂಡಿಯನ್ ಮಿಲಿಟರಿ ಅಕಾಡೆಮಿ) ಇನ್ನೂ ಮೂರು ತಿಂಗಳು. ಎಲ್ಲವನ್ನೂ ಈಗಲೇ ಬರೆದು ಕೊಟ್ಟು, ಒಪ್ಪಿಗೆಯನ್ನು ಮೇಲ್‌ನಲ್ಲೇ ತಗೊಳ್ಳಿ.