ಸಾಲಿನ ಸಂಖ್ಯೆ ಒಂದು ಕಡೆ, ಸಾಲು ಇನ್ನೊಂದು ಕಡೆ: ಯಾರಾದರೂ ಸಹಾಯ ಮಾಡಿ

ನೀಲಿಪಟ್ಟಿ: ಕೋಡ್ ಬರೆಯುವ ನನ್ನ ಎಡಿಟರ್‌ನಲ್ಲಿ ಎಡಗಡೆಯ ಸಾಲಿನ ಸಂಖ್ಯೆಗಳು ಪಠ್ಯದ ಜೊತೆ ಹೊಂದುತ್ತಿಲ್ಲ. ಮೇಲಿನ ಸಾಲುಗಳು ಸರಿ ಇರುತ್ತವೆ. ಕೆಳಗೆ ಹೋದಂತೆ ಸಂಖ್ಯೆಗಳು ಮೇಲಕ್ಕೆ ಜಾರುತ್ತವೆ. 40ನೇ ಸಾಲಿನ ಎದುರು 43 ಅಂತ ಇದೆ. ಎರರ್ ಬಂದಾಗ ಸಾಲು ಹುಡುಕುವುದೇ ದೊಡ್ಡ ಕೆಲಸ. ಫಾಂಟ್ ಬದಲಿಸಿದೆ, ಮುಚ್ಚಿ ತೆರೆದೆ, ಏನೂ ಆಗಲಿಲ್ಲ. ತಲೆ ಕೆಟ್ಟುಹೋಗಿದೆ.

ಟ್ಯಾಬ್8: ವರ್ಡ್ ರ‍್ಯಾಪ್ ಆನ್ ಇದೆ. ಆಫ್ ಮಾಡಿ. ಉದ್ದ ಸಾಲು ಪರದೆಯಲ್ಲಿ ಮೂರಾಗಿ ಮುರಿದರೂ ಸಂಖ್ಯೆ ಒಂದೇ ಅಲ್ವಾ? ವಿಮ್ ಎಡಿಟರ್‌ನಲ್ಲಾದರೆ ಸೆಟ್ ನೋರ‍್ಯಾಪ್.

ನೀಲಿಪಟ್ಟಿ: ರ‍್ಯಾಪ್ ಮೊದಲಿಂದಲೂ ಆಫ್ ಇದೆ.

ಟ್ಯಾಬ್8: ಇನ್ನೊಮ್ಮೆ ನೋಡಿ. ಒಂದೊಂದು ಬಗೆಯ ಫೈಲಿಗೆ ಒಂದೊಂದು ಸೆಟ್ಟಿಂಗ್ ಇರಬಹುದು. ಇದು ರ‍್ಯಾಪ್‌ನದ್ದೇ ಕೆಲಸ, ನೂರಕ್ಕೆ ನೂರು.

ಕೊಂಬುದೀರ್ಘ: ವೆಬ್‌ನಿಂದ ಕಾಪಿ ಮಾಡಿದ ಪಠ್ಯವಾ? ಯುನಿಕೋಡ್‌ನ 2028 ಅನ್ನುವ ಕಾಣದ ಅಕ್ಷರ ಸೇರಿಕೊಂಡಿರಬಹುದು. ಪೈಥಾನ್ ಭಾಷೆಯಲ್ಲಿ ಪಠ್ಯವನ್ನು ಸಾಲುಗಳಾಗಿ ಒಡೆಯುವ ಸ್ಪ್ಲಿಟ್‌ಲೈನ್ಸ್ ಅದನ್ನು ಸಾಲಿನ ಕೊನೆ ಅಂತ ಎಣಿಸುತ್ತದೆ. ಫೈಲನ್ನೇ ಸಾಲು ಸಾಲಾಗಿ ಓದಿದರೆ ಎಣಿಸುವುದಿಲ್ಲ. ಎರಡು ಲೆಕ್ಕ ಬರುತ್ತದೆ.

ಹಳೇಬಫರ್: ಈಮ್ಯಾಕ್ಸ್ ಎಡಿಟರ್‌ಗೆ ಬನ್ನಿ. 2018ರಲ್ಲಿ 26.1 ಆವೃತ್ತಿ ಬಂದಾಗಿನಿಂದ ಸಾಲಿನ ಸಂಖ್ಯೆ ತೋರಿಸುವ ಡಿಸ್‌ಪ್ಲೇ ಲೈನ್ ನಂಬರ್ಸ್ ಇದೆ. ಸಂಖ್ಯೆಯನ್ನೂ ಪಠ್ಯವನ್ನೂ ಒಂದೇ ಎಂಜಿನ್ ಬರೆಯುತ್ತದೆ. ಮೊದಲು ಸಂಖ್ಯೆ ತೋರಿಸುತ್ತಿದ್ದ ಹಳೆಯ ಲೈನಮ್‌ನಲ್ಲಿ ದೊಡ್ಡ ಫೈಲ್ ತೆಗೆದರೆ ಎಳೆದಾಡುತ್ತಿತ್ತು. ಈಗ ನನ್ನ ಮೂರೂ ಮಾನಿಟರ್‌ಗಳಲ್ಲಿ ಲಕ್ಷ ಸಾಲಿನ ಲಾಗ್ ಆರಾಮಾಗಿ ಓಡುತ್ತದೆ.

ಬೆರಳಚ್ಚು: ಯಾವ ಎಡಿಟರ್ ಅಂತ ಯಾರೂ ಕೇಳಲೇ ಇಲ್ಲವಲ್ಲ?

ನೀಲಿಪಟ್ಟಿ: ನಾನೇ ಟಿಕಿಂಟರ್‌ನಲ್ಲಿ (ಪೈಥಾನ್‌ನಲ್ಲಿ ಕಿಟಕಿ, ಬಟನ್ ಮಾಡುವ ಲೈಬ್ರರಿ) ಬರೆದದ್ದು. ಎಡಕ್ಕೊಂದು ಟೆಕ್ಸ್ಟ್ ವಿಜೆಟ್ (ಪಠ್ಯದ ಪೆಟ್ಟಿಗೆ), ಬಲಕ್ಕೊಂದು, ಎರಡಕ್ಕೂ ಒಂದೇ ಸ್ಕ್ರೋಲ್‌ಬಾರ್. ಕನ್ನಡ ಕಾಮೆಂಟ್‌ಗಳಿಗೆ (ಕೋಡ್ ನಡುವಿನ ಟಿಪ್ಪಣಿಗಳು) ಟ್ಯಾಗ್ ಹಾಕಿ ನೋಟೋ ಸಾನ್ಸ್ ಕನ್ನಡ ಫಾಂಟ್ ಕೊಟ್ಟಿದ್ದೇನೆ, ಸ್ವಲ್ಪ ದೊಡ್ಡ ಸೈಜಿನಲ್ಲಿ. ಉಳಿದದ್ದೆಲ್ಲ ಮಾನೋಸ್ಪೇಸ್ (ಎಲ್ಲ ಅಕ್ಷರಕ್ಕೂ ಒಂದೇ ಅಗಲದ ಫಾಂಟ್).

ಹಳೇಬಫರ್: ಕೋಡ್‌ನಲ್ಲಿ ಕನ್ನಡ ಕಾಮೆಂಟ್ ಯಾಕೆ ಬೇಕು? ನಾಳೆ ಬೇರೆಯವರು ಓದಬೇಡವಾ?

ಕೊಂಬುದೀರ್ಘ: ಓದುವವರು ಕನ್ನಡದವರೇ ಆದರೆ ಕನ್ನಡದಲ್ಲೇ ಇರಲಿ. ನನ್ನ ಕೋಡ್‌ನಲ್ಲೂ ಹಾಗೇ ಇದೆ. ಅವರು ಕೇಳಿದ್ದು ಅದಲ್ಲ.

ಬೆರಳಚ್ಚು: ಸಿಕ್ಕಿತು. ಟಿಕಿಂಟರ್‌ನ ಒಳಗಿರುವ ಟಿಕೆಯಲ್ಲಿ ಸಾಲಿನ ಎತ್ತರವನ್ನು ಆ ಸಾಲಿನಲ್ಲಿರುವ ಫಾಂಟ್‌ಗಳು ತೀರ್ಮಾನಿಸುತ್ತವೆ. ಕನ್ನಡ ಟ್ಯಾಗ್ ಇರುವ ಸಾಲು ಕೆಲವು ಪಿಕ್ಸೆಲ್ ಜಾಸ್ತಿ ಎತ್ತರ. ಎಡಗಡೆಯ ವಿಜೆಟ್‌ಗೆ ಅದು ಗೊತ್ತಿಲ್ಲ, ಅಲ್ಲಿ ಎಲ್ಲ ಸಾಲೂ ಒಂದೇ ಎತ್ತರ. ವ್ಯತ್ಯಾಸ ಕೂಡುತ್ತಾ ಹೋಗುತ್ತದೆ. ರ‍್ಯಾಪ್ ಆಗಿದ್ದರೆ ಒಮ್ಮೆಲೇ ಇಡೀ ಸಾಲಿನಷ್ಟು ಜಿಗಿಯುತ್ತಿತ್ತು, ಹೀಗೆ ಚೂರು ಚೂರೇ ಜಾರುತ್ತಿರಲಿಲ್ಲ.

ಎಡಗಡೆಯ ಟೆಕ್ಸ್ಟ್ ವಿಜೆಟ್ ತೆಗೆದು ಕ್ಯಾನ್ವಾಸ್ (ಬೇಕಾದ ಜಾಗದಲ್ಲಿ ಬರೆಯಬಹುದಾದ ಖಾಲಿ ವಿಜೆಟ್) ಇಡಿ. ಪಠ್ಯದ ವಿಜೆಟ್‌ಗೆ ಡಿಲೈನ್‌ಇನ್ಫೋ ಕೇಳಿ. ಪ್ರತಿ ಸಾಲಿನ ಎಕ್ಸ್, ವೈ, ಅಗಲ, ಎತ್ತರ, ಬೇಸ್‌ಲೈನ್ ಕೊಡುತ್ತದೆ. ಆ ವೈನಲ್ಲೇ, ಅಂದರೆ ಮೇಲಿನಿಂದ ಅಷ್ಟೇ ದೂರದಲ್ಲಿ, ಸಂಖ್ಯೆ ಬರೆಯಿರಿ. ಪರದೆಯಲ್ಲಿ ಕಾಣದ ಸಾಲಿಗೆ ‘ನನ್’, ಅಂದರೆ ಏನೂ ಇಲ್ಲ, ಅಂತ ಬರುತ್ತದೆ, ಅಲ್ಲಿಗೆ ಲೂಪ್ ನಿಲ್ಲಿಸಿ.

ಟ್ಯಾಬ್8: ಅಷ್ಟೆಲ್ಲ ಯಾಕೆ? ಎಡಗಡೆ ಸ್ಪೇಸಿಂಗ್3 (ಸಾಲಿನ ಕೆಳಗಿನ ಜಾಗ) ಸ್ವಲ್ಪ ಹೆಚ್ಚಿಸಿದರೆ ಸಾಲದಾ?

ಬೆರಳಚ್ಚು: ಸಾಲದು. ಎಲ್ಲ ಸಾಲಿಗೂ ಹೆಚ್ಚಿಸಿದರೆ ಬರೀ ಇಂಗ್ಲಿಷ್ ಇರುವ ಸಾಲುಗಳು ಕೆಡುತ್ತವೆ.

ನೀಲಿಪಟ್ಟಿ: ಕ್ಯಾನ್ವಾಸ್ ಹಾಕಿದೆ. ಎಲ್ಲ ಸಂಖ್ಯೆಗಳೂ ಸಾಲಿನ ಎದುರಿಗೇ ಬಂದವು! ತುಂಬಾ ಥ್ಯಾಂಕ್ಸ್ ಸಾರ್. ಆದರೆ ಖುಷಿಯಲ್ಲಿ ರ‍್ಯಾಪ್ ಆನ್ ಮಾಡಿ ನೋಡಿದರೆ, ಸ್ಕ್ರೋಲ್ ಮಾಡಿದಾಗ ಕೆಲವು ಸಂಖ್ಯೆಗಳು ಮುರಿದ ಸಾಲಿನ ಎರಡನೇ ತುಂಡಿನ ಎದುರು ಬರುತ್ತವೆ.

ಟ್ಯಾಬ್8: ರ‍್ಯಾಪ್!

ಬೆರಳಚ್ಚು: ಈ ಸಲ ಹೌದು. ಪರದೆಯ ಮೇಲ್ತುದಿ ಮುರಿದ ಸಾಲಿನ ನಡುವೆ ಬಿದ್ದಾಗ ಇಂಡೆಕ್ಸ್ (ಪಠ್ಯದಲ್ಲಿನ ಸ್ಥಾನ) ಕೂಡ ಸಾಲಿನ ನಡುವಿನದೇ. ಪ್ಲಸ್ 1 ಲೈನ್ ಅಂದರೆ ಮುಂದಿನ ಸಾಲಿನ ಅದೇ ಕಾಲಮ್‌ಗೆ ಹೋಗುತ್ತದೆ, ಮೊದಲಿಗಲ್ಲ. ಪ್ಲಸ್ 1 ಲೈನ್ ಆದ ಮೇಲೆ ಸಾಲಿನ ಮೊದಲಿಗೆ ತರುವ ಲೈನ್‌ಸ್ಟಾರ್ಟ್ ಸೇರಿಸಿ. ಮೇಲ್ತುದಿಯ ಕಾಲಮ್ 0 ಅಲ್ಲದಿದ್ದರೆ ಅದಕ್ಕೆ ಸಂಖ್ಯೆ ಬರೆಯಬೇಡಿ.

ಕೊಂಬುದೀರ್ಘ: ನನ್ನ ಎಡಿಟರ್‌ನಲ್ಲಿ ಅಲ್ಲೂ ಸಂಖ್ಯೆ ಬರೆಯುತ್ತೇನೆ, ಮಸುಕು ಬಣ್ಣದಲ್ಲಿ. ಯಾವ ಸಾಲಿನ ಒಳಗಿದ್ದೇನೆ ಅಂತ ಗೊತ್ತಾಗಬೇಕು.

ಬೆರಳಚ್ಚು: ಬೇಡ. ಸಾಲು ಅಲ್ಲೇ ಶುರುವಾಯಿತು ಅಂತ ಅನಿಸುತ್ತದೆ.

ನೀಲಿಪಟ್ಟಿ: ಲೈನ್‌ಸ್ಟಾರ್ಟ್ ಕೆಲಸ ಮಾಡಿತು. ಮಸುಕು ಬಣ್ಣವನ್ನೂ ಹಾಕಿ ನೋಡುತ್ತೇನೆ.